ನೋಯದ ಕಾಲು

ಕಾಲು ನೋಯುತ್ತದೆಂದು ವೈದ್ಯರ ಬಳಿಗೆ ಹೋಗುವವರು ಬಹು ಮಂದಿ. ಕಾಲು ನೋಯುವುದಿಲ್ಲವೆಂದು ಹೋಗುವವರು ಯಾರಿದ್ದಾರೆ? ಹಾಗೆ ಹೋದವನನ್ನು ಕಂಡರೆ ನೆರೆಹೊರೆಯವರು ನಕ್ಕಾರು. ಆದರೆ ಸಕ್ಕರೆಯ ಬೇನೆ, ಎಂದರೆ ಮಧುಮೇಹ, ಹೊಕ್ಕ ಮನೆಯಲ್ಲಿ ನೋಯುವ ಕಾಲಿಗಿಂತ ನೋಯದ ಕಾಲೇ ಹೆಚ್ಚು ಅಂಜಿಕೆಗೆ ಕಾರಣವಾದುದು. ಈ ತಿಂಗಳು ನಮ್ಮ ಗೃಹಸ್ಥ ವಾಚಕರಿಗೆ ಈ ಮಾತನ್ನೇ ತಿಳಿಸಬೇಕೆಂದಿದ್ದೇವೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ನಮ್ಮ ಬಂಧುಗಳ ಮನೆಯಲ್ಲಿ ನಡೆದುದೇ ನಮ್ಮಿಂದ ಇದನ್ನು ಬರೆಯಿಸುತ್ತಿದೆ.

ಚಿತ್ತಾಪುರದ ಕಡೆಯ ಒಂದು ಊರಿನಲ್ಲಿ ನಮಗೆ ಹತ್ತಿರದವರಾದ ಒಬ್ಬ ನಿವೃತ್ತ ಉಪಾಧ್ಯಾಯರಿದ್ದಾರೆ. ಹನ್ನೆರಡು ವರ್ಷಗಳಿಂದ ಅವರಿಗೆ ಮಧುಮೇಹ. ಮಾತ್ರೆಯನ್ನು ತಪ್ಪಿಸುವವರಲ್ಲ, ಚಹಕ್ಕೆ ಸಕ್ಕರೆ ಹಾಕಿಸಿಕೊಳ್ಳುವವರಲ್ಲ. ಕೆಲವು ವರ್ಷಗಳ ಹಿಂದೆ ಅವರ ಕಾಲ್ಬೆರಳುಗಳಲ್ಲಿ ಜೋಮು ತೊಡಗಿತು. ರಾತ್ರಿ ಮಲಗಿದರೆ ಇರುವೆ ಹರಿದಾಡಿದಂತೆ, ಒಮ್ಮೊಮ್ಮೆ ಅಂಗಾಲಿಗೆ ಕೆಂಡ ತಾಕಿದಂತೆ. ಹಗಲಿನಲ್ಲಿ ಕಾಲಿಗೆ ಅರಿವೆ ಸುತ್ತಿಕೊಂಡು ನಡೆದಂತೆ. ಕಾರಣವೇನೆಂದು ಯಾರಿಗೂ ತಿಳಿಯಲಿಲ್ಲ; ಹೇಳದೆ ಬಿಟ್ಟವರೂ ಯಾರೂ ಇರಲಿಲ್ಲ. ವಾತವೆಂದು ಒಬ್ಬರು, ವಯಸ್ಸೆಂದು ಇನ್ನೊಬ್ಬರು, ಮೂವತ್ತು ವರ್ಷ ನಿಂತು ಪಾಠ ಹೇಳಿದ ಫಲವೆಂದು ಮತ್ತೊಬ್ಬರು. ನಾವೂ ಹಿಂದೆ ಬೀಳದೆ, "ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂಡಿರಿ" ಎಂದು ಬುದ್ಧಿ ಹೇಳಿ ಬಂದೆವು. ಆ ಬುದ್ಧಿ ಎಷ್ಟು ಕೆಟ್ಟದೆಂಬುದು ನಮಗೆ ಆಗ ತಿಳಿದಿರಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಉರಿ ತಾನಾಗಿಯೇ ಇಳಿಯಿತು. ಮನೆಯವರೆಲ್ಲ ಗುಣವಾಯಿತೆಂದು ಸಂತೋಷಪಟ್ಟರು. ಒಂದು ದಿನ ಸಂತೆಯಿಂದ ಹಿಂದಿರುಗಿದಾಗ ಅವರ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿತೋ ಅವರಿಗೆ ಗೊತ್ತಾಗಿರಲಿಲ್ಲ. ಮೊಮ್ಮಕ್ಕಳು ನಕ್ಕರು, ಅವರೂ ನಕ್ಕರು. ಆ ವೈಶಾಖದಲ್ಲಿ ಅವರು ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ಹೋದರು. ನಡುಮಧ್ಯಾಹ್ನ, ಬರಿಗಾಲು, ಕಾದ ಕಲ್ಲು. ಜೊತೆಯವರು ನೆರಳು ಹುಡುಕಿ ಓಡಿದರೆ ಇವರು ನಿಧಾನವಾಗಿ ನಡೆದು ಬಂದರಂತೆ. ಮರುದಿನ ಬೆಳಿಗ್ಗೆ ಅವರ ಮನೆಯವರು ಹಾಸಿಗೆ ಮಡಿಸುವಾಗ ಕಾಲ್ದೆಸೆಯಲ್ಲಿ ನೀರಿನ ಕಲೆ ಕಂಡು, "ಹಾಸಿಗಿ ತೊಯ್ದಾದ ನೋಡ್ರಿ, ಕಾಲಿಗಿ ಏನಾಗ್ಯಾದ?" ಎಂದು ಕೇಳಿದರು. "ಏನಾಗ್ಯಾದ? ನನಗೇನೂ ನೋವೇ ಇಲ್ಲ" ಎಂದು ಇವರ ಉತ್ತರ. ಅಂಗಾಲಿನಲ್ಲಿ ರೂಪಾಯಿಯಗಲದ ಬೊಬ್ಬೆ ಒಡೆದಿತ್ತು.

ಅರಿಷಿಣ ಹಚ್ಚಿದರು, ಎಲೆ ಕಟ್ಟಿದರು. ನೋವಿಲ್ಲವಾದುದರಿಂದ ಅವಸರವೂ ಇರಲಿಲ್ಲ. ಅದೇ ಕಾಲಿನ ಮೇಲೆ ಹತ್ತು ದಿನ ಓಡಾಡಿದರು. ಹನ್ನೊಂದನೆಯ ದಿನ ದುರ್ಗಂಧ, ಚಳಿಜ್ವರ. ಕಲಬುರಗಿಯ ಆಸ್ಪತ್ರೆಗೆ ಒಯ್ದಾಗ ವೈದ್ಯರು ಎರಡು ಬೆರಳುಗಳನ್ನು ತೆಗೆದು ಪಾದವನ್ನು ಉಳಿಸಿಕೊಟ್ಟರು. ಅವರು ಕೇಳಿದ ಒಂದು ಪ್ರಶ್ನೆ ನಮ್ಮ ಕಿವಿಯಲ್ಲಿ ಇನ್ನೂ ನಿಂತಿದೆ: "ಈ ಮೊದಲು ಇವರ ಅಂಗಾಲನ್ನು ಯಾರು, ಯಾವಾಗ ನೋಡಿದ್ದಿರಿ?" ಹನ್ನೆರಡು ವರ್ಷಗಳಲ್ಲಿ ರಕ್ತದ ಸಕ್ಕರೆಯನ್ನು ಎಷ್ಟೋ ಸಲ ಅಳೆಯಿಸಿದ್ದುಂಟು, ಅಂಗಾಲನ್ನು ಒಮ್ಮೆಯೂ ಯಾರೂ ನೋಡಿರಲಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆಂಬ ಗಾದೆ ನಮ್ಮ ಮನೆಯಲ್ಲಿ ಹೀಗೆ ನಿಜವಾಯಿತು.

ಈಗ ಇದರ ಕಾರಣವನ್ನು ವಿಚಾರಿಸೋಣ. ನಮ್ಮ ಶರೀರದಲ್ಲಿ ಸ್ಪರ್ಶ, ಶೀತೋಷ್ಣ, ನೋವುಗಳ ವರ್ತಮಾನವನ್ನು ಮೆದುಳಿಗೆ ಒಯ್ಯುವವು ನರಗಳು. ಬೆನ್ನಿನ ಕೆಳಭಾಗದಿಂದ ಕಾಲ್ಬೆರಳಿನ ತುದಿಯವರೆಗೆ ಸಾಗುವ ನರದ ಎಳೆ ಸುಮಾರು ಒಂದು ಮೀಟರು ಉದ್ದ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಮಿತಿಮೀರಿದ್ದರೆ ನರದ ಎಳೆಗಳೂ ಕೆಡುತ್ತವೆ, ಅವಕ್ಕೆ ಆಹಾರ ಕೊಡುವ ಕೂದಲಿನಷ್ಟು ಸಣ್ಣ ರಕ್ತನಾಳಗಳೂ ಕೆಡುತ್ತವೆ. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಹೊಲವಷ್ಟೆ. ಅದರಂತೆ ಎಲ್ಲಕ್ಕಿಂತ ಉದ್ದವಾದ ನರಗಳ ತುದಿಯಲ್ಲಿ ಕೇಡು ಮೊದಲಾಗುತ್ತದೆ. ಆದುದರಿಂದಲೇ ಜೋಮು ಎರಡೂ ಪಾದಗಳ ಬೆರಳುಗಳಲ್ಲಿ ಒಟ್ಟಿಗೆ ತೊಡಗಿ, ಕಾಲುಚೀಲ ತೊಟ್ಟಂತೆ ಮೆಲ್ಲನೆ ಮೇಲಕ್ಕೇರುತ್ತದೆ. ಮೊಣಕಾಲಿನ ಸಮೀಪಕ್ಕೆ ಬರುವ ವೇಳೆಗೆ ಕೈಬೆರಳುಗಳ ತುದಿಯಲ್ಲಿಯೂ ಕಾಣಿಸಿಕೊಳ್ಳುವುದುಂಟು.

ನರವು ಕೆಡುತ್ತಿರುವಾಗ ಸುಳ್ಳು ಸುದ್ದಿಯನ್ನು ಕಳುಹುತ್ತದೆ. ಬೆಂಕಿಯಿಲ್ಲದೆ ಉರಿ, ಮುಳ್ಳಿಲ್ಲದೆ ಚುಚ್ಚು, ಹೊದಿಕೆ ತಾಕಿದರೂ ನೋವು. ಇವು ರಾತ್ರಿಯಲ್ಲಿ ಹೆಚ್ಚು. ಪೂರ್ತಿ ಕೆಟ್ಟ ಮೇಲೆ ಯಾವ ಸುದ್ದಿಯನ್ನೂ ಕಳುಹುವುದಿಲ್ಲ. ನಮ್ಮ ಬಂಧುಗಳಿಗೆ ಉರಿ ನಿಂತದ್ದು ಗುಣವಾದುದರಿಂದಲ್ಲ, ಸುದ್ದಿ ತರುವವನು ಸತ್ತುದರಿಂದ. ಅರ್ಧದಷ್ಟು ರೋಗಿಗಳಿಗೆ ಉರಿ ಜೋಮುಗಳು ಸ್ವಲ್ಪವೂ ತಿಳಿಯದೆಯೇ ಸ್ಪರ್ಶಜ್ಞಾನ ಹೋಗಿರಬಹುದೆಂದು ವೈದ್ಯರು ಹೇಳುತ್ತಾರೆ. ಕತ್ತಲಲ್ಲಿ ನಡೆಯುವಾಗ, ಕಣ್ಣು ಮುಚ್ಚಿ ತಲೆಗೆ ನೀರೆರೆದುಕೊಳ್ಳುವಾಗ ಓಲಾಡುವಂತಾಗುವುದು, ಚಪ್ಪಲಿ ಕಳಚಿದುದು ತಿಳಿಯದಿರುವುದು, ಬೆವರು ನಿಂತು ಪಾದ ಒಣಗಿ ಹಿಮ್ಮಡಿ ಸೀಳುವುದು, ಇವೆಲ್ಲ ಅದೇ ಕೇಡಿನ ಗುರುತುಗಳು. ಕುಳಿತವರು ಏಳುವಾಗ ತಲೆ ತಿರುಗುವುದು, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು ಕೂಡ ಒಳಗಿನ ನರಗಳು ಕೆಟ್ಟುದರಿಂದ ಆಗಬಹುದು.

ಈ ಸಂಗತಿ ಹಿಂದಿನವರಿಗೆ ತಿಳಿಯದುದಲ್ಲ. ಪ್ರಮೇಹ ಬರುವುದಕ್ಕೆ ಮುನ್ನ ಕೈಕಾಲುಗಳಲ್ಲಿ ಉರಿಯೂ ಸ್ಪರ್ಶಹೀನತೆಯೂ ತೋರುವುವೆಂದು ಚರಕಸಂಹಿತೆಯಲ್ಲಿಯೇ ಹೇಳಿದೆ. ಪಶ್ಚಿಮದೇಶಗಳಲ್ಲಾದರೋ, ನರಗಳು ಕೆಡುವುದರಿಂದ ಮಧುಮೇಹ ಬರುವುದೆಂದು ಬಹುಕಾಲ ಎಣಿಸಿದ್ದರು. ಮಧುಮೇಹದಿಂದಲೇ ನರಗಳು ಕೆಡುವುವೆಂದು ೧೮೬೪ರಲ್ಲಿ ಫ್ರಾನ್ಸಿನ ಮಾರ್ಶಾಲ್ ದ ಕಾಲ್ವಿ ಎಂಬ ವೈದ್ಯನು ಆ ಎಣಿಕೆಯನ್ನು ತಿರುಗಿಸಿದನು.

ನೋವಿಲ್ಲದಿರುವುದೇ ಪಾದಕ್ಕೆ ಹಾನಿಯೆಂಬುದು ಬೆಳಕಿಗೆ ಬಂದುದು ನಮ್ಮ ದಕ್ಷಿಣದೇಶದಲ್ಲಿಯೇ, ಅದೂ ಬೇರೊಂದು ರೋಗದ ಮೂಲಕ. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿದರು. ಬೆರಳುಗಳು ಕುಷ್ಠದಿಂದ ತಾವಾಗಿಯೇ ಉದುರುತ್ತವೆಂದು ಲೋಕವೆಲ್ಲ ನಂಬಿತ್ತು. ನೋವು ತಿಳಿಯದುದರಿಂದ ಸುಟ್ಟುಕೊಂಡು, ಕೊಯ್ದುಕೊಂಡು, ಗಾಯದ ಮೇಲೆಯೇ ನಡೆದು ಅವರು ಬೆರಳು ಕಳೆದುಕೊಳ್ಳುತ್ತಾರೆಂದು ಬ್ರ್ಯಾಂಡರು ತೋರಿಸಿಕೊಟ್ಟರು. ಕೆಲವರ ಬೆರಳುಗಳನ್ನು ರಾತ್ರಿ ಇಲಿಗಳು ಕಡಿಯುತ್ತಿದ್ದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಅಂಥವರಿಗೆ ಮನೆಯಲ್ಲಿಟ್ಟುಕೊಳ್ಳಲು ಬೆಕ್ಕನ್ನು ಕೊಡುವ ಏರ್ಪಾಡು ಮಾಡಿದರಂತೆ. ಮುಂದೆ ಅಮೆರಿಕಕ್ಕೆ ಹೋದಾಗ ಮಧುಮೇಹಿಗಳ ಪಾದದಲ್ಲಿಯೂ ಅದೇ ಕಥೆಯನ್ನು ಕಂಡು, ಅದೇ ಕ್ರಮವನ್ನು ಅವರಿಗೂ ಕಲಿಸಿದರು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಚಪ್ಪಲಿಗಳು ಇಂದು ಮಧುಮೇಹಿಗಳ ಪಾದಗಳನ್ನೂ ಕಾಯುತ್ತಿವೆ.

ಇನ್ನು ನಮ್ಮ ಸೀಮೆಯ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ೨೦೨೩ರಲ್ಲಿ ತಿಳಿಸಿತು. ಎಲ್ಲ ಕಡೆಯಲ್ಲಿಯೂ ಇರುವ ರೋಗವೇ ಸರಿ. ಆದರೆ ಸ್ಪರ್ಶ ತಪ್ಪಿದ ಪಾದಕ್ಕೆ ನಮ್ಮ ಸೀಮೆಯಷ್ಟು ಕಠಿಣವಾದ ನೆಲ ಬೇರೆ ಕಡೆ ಕಡಿಮೆ. ಶಹಾಬಾದದ ಫರಸಿ ಕಲ್ಲು ನಾಡೆಲ್ಲ ಹೆಸರಾದುದು. ನಮ್ಮ ಅಂಗಳಕ್ಕೂ ಪಡಸಾಲೆಗೂ ಗುಡಿಗೂ ಅದೇ ಹಾಸು. ಬೇಸಗೆಯ ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ನೆಟ್ಟಗಿರುವ ಪಾದ ನಾಲ್ಕು ಹೆಜ್ಜೆಗೆ ಹಾರುತ್ತದೆ, ಕೆಟ್ಟ ಪಾದ ನಿಂತು ಬೇಯುತ್ತದೆ. ವಾಡಿ ಶಹಾಬಾದಗಳ ಗಣಿಗಳಲ್ಲಿ ಕಲ್ಲಿನ ಚೂರು. ಸೇಡಂ ಚಿಂಚೋಳಿಗಳ ಎರೆಹೊಲದಲ್ಲಿ ತೊಗರಿ ಕೊಯ್ದ ಮೇಲೆ ಈಟಿಯಂತೆ ನಿಲ್ಲುವ ಕೂಳೆ. ಬದುವಿನಲ್ಲಿ ಜಾಲಿಯ ಮುಳ್ಳು. ಮುಳ್ಳು ಚಪ್ಪಲಿಯ ಅಟ್ಟೆಯನ್ನು ತೂರಿ ಪಾದಕ್ಕೆ ನಾಟಿದ್ದರೂ ಸಂಜೆಯವರೆಗೆ ಅದನ್ನು ಹೊತ್ತು ನಡೆದವರುಂಟು.

ಹಾಗೆಂದು ಎಲ್ಲ ಜೋಮನ್ನೂ ಸಕ್ಕರೆಯ ತಲೆಗೆ ಕಟ್ಟಿ ಸುಮ್ಮನಾಗುವುದೂ ತಪ್ಪು. ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ಬಹು ವರ್ಷ ತೆಗೆದುಕೊಂಡವರಲ್ಲಿ, ಅದರಲ್ಲಿಯೂ ಶಾಕಾಹಾರಿಗಳಲ್ಲಿ, ಬಿ-೧೨ ಎಂಬ ಜೀವಸತ್ವ ಕಡಿಮೆಯಾಗಿ ಇದೇ ರೀತಿಯ ಜೋಮು ಬರುತ್ತದೆ. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಸಕಾಲದಲ್ಲಿ ಚಿಕಿತ್ಸೆಯಾದರೆ ಬಹುಮಟ್ಟಿಗೆ ಗುಣವೂ ಆಗುತ್ತದೆ. ಅದಕ್ಕಾಗಿ ಮಾತ್ರೆಯನ್ನು ತಾವಾಗಿಯೇ ಬಿಡತಕ್ಕದ್ದಲ್ಲ. ಮದ್ಯಪಾನವೂ ಥೈರಾಯ್ಡ್ ಗ್ರಂಥಿಯ ದೋಷವೂ ನರಗಳನ್ನು ಕೆಡಿಸಬಲ್ಲವು. ಚರ್ಮದ ಮೇಲೆ ಬಣ್ಣಗೆಟ್ಟ ಮಚ್ಚೆಯಿದ್ದು ಅಲ್ಲಿ ಮಾತ್ರ ಸ್ಪರ್ಶವಿಲ್ಲದಿದ್ದರೆ ಕುಷ್ಠವೋ ಎಂದು ನೋಡಿಸಬೇಕು; ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಔಷಧ ದೊರೆಯುತ್ತದೆ, ಅದು ಗುಣವಾಗುವ ರೋಗ, ನಾಚಿಕೊಳ್ಳತಕ್ಕದ್ದಲ್ಲ. ಒಂದೇ ಕಾಲಿನಲ್ಲಿ ಸೊಂಟದಿಂದ ಸೆಳೆತದೊಡನೆ ಜೋಮಿದ್ದರೆ ಬೆನ್ನೆಲುಬಿನ ದೋಷವಿರಬಹುದು. ಒಮ್ಮಿಂದೊಮ್ಮೆಗೆ ಒಂದು ಪಕ್ಕದ ಕೈಕಾಲು ಶಕ್ತಿಗುಂದಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಓಡಬೇಕು. ಇವನ್ನು ವಿಂಗಡಿಸುವುದು ವೈದ್ಯರ ಕೆಲಸ. ಪತ್ರಿಕೆಯಲ್ಲಿ ಜಾಹೀರಾತಾಗುವ ನರದೌರ್ಬಲ್ಯದ ಮಾತ್ರೆಗಳದ್ದಲ್ಲ.

ಪರೀಕ್ಷೆಯೇನೂ ಕಷ್ಟದ್ದಲ್ಲ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನಿನ ಒಂದು ಎಳೆಯನ್ನು ರೋಗಿಯ ಕಣ್ಣು ಮುಚ್ಚಿಸಿ ಅಂಗಾಲಿಗೆ ತಾಕಿಸುತ್ತಾರೆ. ತಾಕಿದ್ದು ತಿಳಿಯದಿದ್ದರೆ ಕಾವಲು ತಪ್ಪಿತೆಂದೇ ಅರ್ಥ. ಸೆಕೆಂಡಿಗೆ ೧೨೮ ಸಲ ಕಂಪಿಸುವ ಉಕ್ಕಿನ ಕವೆಯನ್ನು ಹೆಬ್ಬೆರಳಿನ ಎಲುಬಿಗಿಟ್ಟು ಕಂಪನ ತಿಳಿಯುವುದೋ ಎಂದು ಕೇಳುತ್ತಾರೆ. ಪಾದದ ನಾಡಿಯನ್ನು ಮುಟ್ಟಿ ರಕ್ತಸಂಚಾರವನ್ನು ನೋಡುತ್ತಾರೆ. ಎಲ್ಲ ಸೇರಿ ಕೆಲವೇ ನಿಮಿಷಗಳ ಕೆಲಸ. ವಯಸ್ಸಾದ ಮೇಲೆ ಬರುವ ಮಧುಮೇಹದಲ್ಲಿ ರೋಗ ತಿಳಿದ ದಿನದಿಂದಲೇ ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ವೈದ್ಯರು ಮರೆತರೆ ನಾವೇ ಚಪ್ಪಲಿ ಕಳಚಿ, "ಕಾಲನ್ನೊಮ್ಮೆ ನೋಡಿರಿ" ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮನೆಯಲ್ಲಿ ಮಾಡತಕ್ಕುದು ಇಷ್ಟು. ಪ್ರತಿದಿನ ಮಲಗುವ ಮುನ್ನ ಬೆಳಕಿನಲ್ಲಿ ಪಾದದ ಮೇಲ್ಭಾಗ, ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಬೇಕು. ಬಾಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲನ್ನು ಅದರಲ್ಲಿ ನೋಡಿಕೊಳ್ಳಬಹುದು. ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಬೇಕು. ಸುಮಂಗಲಿಯರ ಕಾಲುಂಗುರವು ಬಿಗಿಯಾಗಿ ಕೊರೆಯುತ್ತಿದೆಯೋ ಎಂದು ಅದನ್ನು ಸರಿಸಿ ನೋಡಬೇಕು. ಪಾದವನ್ನು ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಸಂದುಗಳನ್ನು ಚೆನ್ನಾಗಿ ಒರೆಸಿ, ಒಣಗಿದ ಭಾಗಕ್ಕೆ ಕೊಬ್ಬರಿ ಎಣ್ಣೆ ಸವರಬೇಕು. ಸಂದುಗಳಿಗೆ ಎಣ್ಣೆ ಬೇಡ. ನೀರಿನ ಕಾವನ್ನು ಕಾಲಿನಿಂದ ನೋಡತಕ್ಕದ್ದಲ್ಲ. ಮೊಣಕೈಯಿಂದ, ಅಥವಾ ಮನೆಯವರ ಕೈಯಿಂದ ನೋಡಿಸಬೇಕು. ಬಿಸಿನೀರಿನಲ್ಲಿ ಕಾಲಿಟ್ಟು ಕೂಡುವುದು, ಚಳಿಗಾಲದಲ್ಲಿ ಕೆಂಡಕ್ಕೆ ಕಾಲೊಡ್ಡುವುದು, ಬಿಸಿ ಇಟ್ಟಿಗೆಯ ಶಾಖ ಕೊಡುವುದು, ಇವನ್ನು ಸರ್ವಥಾ ಬಿಡಬೇಕು. ನಾವು ಹೇಳಿದ್ದ ಉಪ್ಪುನೀರಿನ ಉಪಚಾರವನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ಮನೆಯ ಒಳಗೂ ಬರಿಗಾಲು ಬೇಡ. ಒಳಗೆ ಮೆಟ್ಟಲು ಬೇರೊಂದು ಜೋಡನ್ನು ಇಟ್ಟುಕೊಂಡರೆ ಮಡಿಗೂ ಕುಂದಿಲ್ಲ. ಹೆಬ್ಬೆರಳಿನಿಂದ ಹಿಡಿದು ನಡೆಯುವ ಚಪ್ಪಲಿಗಿಂತ ಹಿಂದೆ ಪಟ್ಟಿಯಿರುವ, ಮೆತ್ತನೆಯ ಒಳಹಾಸಿನ, ಬೆರಳಿಗೆ ಎಡೆಯಿರುವ ಜೋಡು ಲೇಸು. ಅದನ್ನು ಸಂಜೆಯ ಹೊತ್ತು ಕೊಳ್ಳಬೇಕು, ಆಗ ಪಾದ ಸ್ವಲ್ಪ ಊದಿರುತ್ತದೆ. ಮೆಟ್ಟುವ ಮೊದಲು ಪ್ರತಿಸಲವೂ ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ಇಲ್ಲವೆಂದು ತಿಳಿಯಬೇಕು. ದೇವಾಲಯಕ್ಕೆ ಬೆಳಗಿನ ತಂಪಿನಲ್ಲಿಯೋ ಹೊತ್ತು ಮುಳುಗಿದ ಮೇಲೆಯೋ ಹೋಗಬಹುದು. ದಪ್ಪ ಕಾಲುಚೀಲ ತೊಟ್ಟು ಪ್ರದಕ್ಷಿಣೆ ಮಾಡಿದರೆ ದೇವರು ಮುನಿಯಲಾರನು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಕೊರೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಸುಡುವ ಔಷಧ ಹಚ್ಚುವುದು ಅಪಾಯಕರ. ಬೀಡಿ ಸಿಗರೇಟುಗಳು ರಕ್ತನಾಳವನ್ನು ಕಿರಿದು ಮಾಡುವುದರಿಂದ ಅವನ್ನು ಬಿಡುವುದು ಪಾದಕ್ಕೂ ಉಪಕಾರ.

ಬೊಬ್ಬೆ, ಗಾಯ, ಕೀವು, ದುರ್ಗಂಧ, ಕೆಂಪು ಅಥವಾ ಕಪ್ಪು ಬಣ್ಣ ಕಂಡರೆ ನೋವಿರಲಿ ಇಲ್ಲದಿರಲಿ, ಅಂದೇ ವೈದ್ಯರ ಬಳಿಗೆ ಹೋಗಬೇಕು. ಆ ಕಾಲಿನ ಮೇಲೆ ಭಾರ ಹಾಕಬಾರದು. ಗಾಯವಿಲ್ಲದೆಯೂ ಒಂದು ಪಾದ ಊದಿ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಒಳಗೆ ಎಲುಬು ಕುಸಿಯುತ್ತಿರಬಹುದು, ಅದೂ ಅವಸರದ ಸಂಗತಿಯೇ. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ತಾಲೂಕು ಆಸ್ಪತ್ರೆಗಳುಂಟು. ವಾಡಿ ಶಹಾಬಾದಗಳಿಂದ ಕಲಬುರಗಿಗೆ ರೈಲಿನ ಅನುಕೂಲವುಂಟು. ಚಿಂಚೋಳಿಯ ಅಂಚಿನ ಹಳ್ಳಿಗಳವರಿಗೆ ದಾರಿ ದೂರ. ದೂರವಿರುವವರೇ ಬೇಗ ಹೊರಡಬೇಕು.

ಚಿಕಿತ್ಸೆಯ ವಿಷಯದಲ್ಲಿ ವಾಚಕರಿಗೆ ಸುಳ್ಳು ಭರವಸೆ ಕೊಡಲಾರೆವು. ಉರಿಯನ್ನೂ ಚುಚ್ಚನ್ನೂ ತಗ್ಗಿಸುವ ಔಷಧಗಳಿವೆ. ಅವುಗಳಿಂದ ರಾತ್ರಿಯ ನಿದ್ರೆ ಮರಳಿ ಬರುತ್ತದೆ, ಆದುದರಿಂದ ಸಹಿಸಿಕೊಂಡು ಕೊರಗಬೇಕಾದುದಿಲ್ಲ. ಆದರೆ ಪೂರ್ತಿ ಹೋದ ಸ್ಪರ್ಶವನ್ನು ಮರಳಿ ತರುವ ಔಷಧ ಇನ್ನೂ ಕೈಗೆ ಬಂದಿಲ್ಲ. ಇದ್ದುದನ್ನು ಕಾಯುವುದು ಮಾತ್ರ ಸಾಧ್ಯ. ಇನ್ಸುಲಿನ್ನನ್ನೇ ನಂಬಿ ಬದುಕುವ ೧೪೪೧ ಮಧುಮೇಹಿಗಳನ್ನು ವರ್ಷಗಟ್ಟಲೆ ನೋಡಿ ಅಮೆರಿಕ ಕೆನಡಾಗಳ ವೈದ್ಯರು ೧೯೯೩ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು: ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ನರಗಳ ಕೇಡು ಶೇಕಡಾ ೬೦ರಷ್ಟು ಕಡಿಮೆಯಾಗಿತ್ತು. ವಯಸ್ಸಾದವರ ಮಧುಮೇಹದಲ್ಲಿ ಲಾಭ ಅಷ್ಟು ದೊಡ್ಡದಲ್ಲದಿದ್ದರೂ ದಾರಿ ಅದೇ. ಜೋಳದ ರೊಟ್ಟಿ ತಿನ್ನುವವರಿಗೆ ಸಕ್ಕರೆ ಏರದೆಂಬ ಮಾತೊಂದು ನಮ್ಮಲ್ಲಿದೆ. ಜೋಳವೂ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆ. ರೊಟ್ಟಿಗೂ ಲೆಕ್ಕ ಬೇಕು.

ನಮ್ಮ ಬಂಧುಗಳು ಈಗ ಕ್ಷೇಮವಾಗಿದ್ದಾರೆ. ಪಟ್ಟಿಯ ಜೋಡು ಮೆಟ್ಟಿ ಮೆಲ್ಲನೆ ನಡೆಯುತ್ತಾರೆ. ಮೊದಮೊದಲು ಸೊಸೆಯು ಅಂಗಾಲನ್ನು ನೋಡಲು ಬಂದಾಗ, "ನೀ ಯಾಕ ನನ್ನ ಕಾಲು ಮುಟ್ಟತೀಯವ್ವಾ" ಎಂದು ಹಿಂದೆಗೆಯುತ್ತಿದ್ದರು. ಆಕೆ, "ಹಬ್ಬಕ್ಕ ನಮಸ್ಕಾರ ಮಾಡೋವಾಗ ಮುಟ್ಟೋದಿಲ್ಲೇನ್ರಿ ಮಾವಾ?" ಎಂದಳಂತೆ. ಅಂದಿನಿಂದ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಪಾದ ನೋಡುವ ಪದ್ಧತಿ ನಡೆದು ಬಂದಿದೆ.

ಹಿರಿಯರ ಪಾದಕ್ಕೆ ಬಾಗುವುದು ನಮ್ಮ ಮನೆತನಗಳ ರೂಢಿ. ಬಾಗಿದಾಗ ಕಣ್ಣು ಮುಚ್ಚದೆ ಆ ಪಾದವನ್ನು ಒಮ್ಮೆ ನೋಡಿರೆಂದು ವಾಚಕರಲ್ಲಿ ನಮ್ಮ ವಿನಂತಿ. ನಿಮ್ಮ ಮನೆಯಲ್ಲಿ ಮಧುಮೇಹಿಗಳಿದ್ದರೆ ಈ ಸಂಚಿಕೆಯನ್ನು ಮಡಿಸಿಟ್ಟು, ಇಂದೇ ಅವರ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿರಿ.